‘ಅಪ್ಪನ ಮನೆಗೆ ಹೋಗುತ್ತೇನೆ’ ಎನ್ನುವ ರೋಗಿಯೂ ಪರಲೋಕದ ನಿರೀಕ್ಷೆಯೂ

ಪ್ರಶ್ನೆ: ನಾನು ಉಡುಪಿಯ ಸಮೀಪದವಳು, ಪ್ರಾಯ 58. ನಮ್ಮ ಮನೆಯವರಿಗೆ 64. ಅವರು ಬ್ಯಾಂಕಿನ ನೌಕರಿಯಿಂದ ನಿವೃತ್ತರಾದ ವರ್ಷವೇ ಎರಡೂ ಕಿಡ್ನಿಗಳು ಕೆಟ್ಟಿರುವುದು ತಿಳಿಯಿತು. ನಾಲ್ಕು ವರ್ಷಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಹೃದಯವೂ ದುರ್ಬಲವಾದ್ದರಿಂದ ಬದಲಿ ಕಿಡ್ನಿ ಜೋಡಿಸುವ ಹಾಗಿಲ್ಲ ಎಂದಿದ್ದಾರೆ. ಈಸ್ಟರ್ ಕಳೆದ ಮೇಲೆ ಅವರು ‘ನನಗೆ ಸಾಕಾಯಿತು, ಇನ್ನು ಅಪ್ಪನ ಮನೆಗೆ ಹೋಗುತ್ತೇನೆ, ಡಯಾಲಿಸಿಸ್ ಬೇಡ’ ಎನ್ನತೊಡಗಿದ್ದಾರೆ. ಕುವೈತಿನಲ್ಲಿರುವ ಮಗ, ಅದು ಆತ್ಮಹತ್ಯೆ, ಮಹಾಪಾಪ ಎಂದು ಫೋನಿನಲ್ಲಿ ಅಳುತ್ತಾನೆ. ಮನೆಗೆ ಬರುವ ಪ್ರಾರ್ಥನಾ ಕೂಟದವರು, ನಿಜವಾದ ವಿಶ್ವಾಸವಿದ್ದರೆ ಡಯಾಲಿಸಿಸ್ ನಿಲ್ಲಿಸಿ 21 ದಿನ ಉಪವಾಸ ಪ್ರಾರ್ಥನೆ ಮಾಡಿ, ಗುಣವಾಗುತ್ತದೆ, ಗುಣವಾಗದಿದ್ದರೆ ಅರಿಕೆ ಮಾಡದ ಪಾಪ ಮನೆಯಲ್ಲಿದೆ ಎಂದರ್ಥ ಎನ್ನುತ್ತಾರೆ. ನಾನು ಅತ್ತರೆ, ಪರಲೋಕದ ನಿರೀಕ್ಷೆ ಇರುವವರು ಅಳಬಾರದು ಎನ್ನುತ್ತಾರೆ. ಒಂದು ರಾತ್ರಿ ಅವರ ನರಳಾಟ ನೋಡಲಾರದೆ ನಾನೇ ‘ಕರ್ತನೇ, ಇವರನ್ನು ಕರೆದುಕೋ’ ಎಂದು ಪ್ರಾರ್ಥಿಸಿಬಿಟ್ಟೆ. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಪರಲೋಕದ ನಿರೀಕ್ಷೆ ನಿಜವೇ, ಅಥವಾ ಕಷ್ಟ ಮರೆಯಲು ನಾವು ಹೇಳಿಕೊಳ್ಳುವ ಮಾತೇ? ನಾನು ಯಾರ ಮಾತು ಕೇಳಲಿ? ಇನ್ನೊಂದು ಸಣ್ಣ ವಿಷಯ: ಅವರಿಗೆ ಪ್ರಭುಭೋಜನ ತೆಗೆದುಕೊಳ್ಳುವ ಆಸೆ ಇದೆ, ಆದರೆ ದೇವಾಲಯಕ್ಕೆ ಹೋಗಿ ಕೂರುವ ಶಕ್ತಿ ಇಲ್ಲ, ನೀರಿನ ಪಥ್ಯವೂ ಇದೆ.

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿ ಒಂದೇ ಗಂಟಾಗಿವೆ. ಪತಿ ಚಿಕಿತ್ಸೆ ಸಾಕೆನ್ನುವುದು ಪಾಪವೇ ಎಂಬುದು ಒಂದು. ಚಿಕಿತ್ಸೆ ಬಿಟ್ಟು ಪ್ರಾರ್ಥಿಸುವುದೇ ವಿಶ್ವಾಸವೇ ಎಂಬುದು ಇನ್ನೊಂದು. ಪರಲೋಕವನ್ನು ನಂಬಿದ ಮೇಲೂ ಇಷ್ಟು ನೋವೇಕೆ ಎಂಬ ನಿಮ್ಮ ಸ್ವಂತ ಪ್ರಶ್ನೆ ಈ ಎರಡರ ಅಡಿಯಲ್ಲಿ ಕುಳಿತಿದೆ. ಮಂಗಳೂರು ಮತ್ತು ಉಡುಪಿಯ ಆಸ್ಪತ್ರೆಗಳಲ್ಲಿ 22 ವರ್ಷ ರೋಗಿಗಳ ನಡುವೆ ಸಭಾಸೇವೆ ಮಾಡಿದವನಾಗಿ ಒಂದೊಂದನ್ನೂ ಬಿಡಿಸಿ ನೋಡಲು ಪ್ರಯತ್ನಿಸುತ್ತೇನೆ.

ಉಪವಾಸದ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಮೂತ್ರಪಿಂಡಗಳು ಪೂರ್ತಿ ನಿಂತುಹೋದವರಲ್ಲಿ ಡಯಾಲಿಸಿಸ್ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಿಂದ ಎರಡು ವಾರಗಳೊಳಗೆ ಸಾವು ಬರುತ್ತದೆ. ಸ್ವಲ್ಪವಾದರೂ ಮೂತ್ರ ಬರುತ್ತಿರುವವರಲ್ಲಿ ಇದು ತುಸು ಮುಂದಕ್ಕೆ ಹೋಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ, ಇಲ್ಲವೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. 21 ದಿನಗಳ ಉಪವಾಸ ಮುಗಿಯುವವರೆಗೆ ನಿಮ್ಮ ಪತಿ ಉಳಿಯುವ ಸಂಭವ ಬಹಳ ಕಡಿಮೆ. ಆ ಕೂಟದವರಿಗೆ ನಿಮ್ಮ ಮೇಲೆ ಪ್ರೀತಿ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ‘ಕೆಳಗೆ ಧುಮುಕು, ದೂತರು ನಿನ್ನನ್ನು ಹಿಡಿದುಕೊಳ್ಳುತ್ತಾರೆ’ ಎಂದು ವಾಕ್ಯವನ್ನೇ ತೋರಿಸಿ ಹೇಳಿದ ಸೈತಾನನಿಗೆ ಯೇಸು ಕೊಟ್ಟ ಉತ್ತರ, ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು ಎಂಬುದೇ ಆಗಿತ್ತು. ಚಿಕಿತ್ಸೆಯನ್ನು ಕಿತ್ತುಹಾಕಿ ದೇವರು ಏನು ಮಾಡುತ್ತಾನೆ ನೋಡೋಣ ಎನ್ನುವುದು ಅದೇ ಶಿಖರ. ಅವರು ಮನೆಗೆ ಬಂದು ಪ್ರಾರ್ಥಿಸಲಿ, ಕೀರ್ತನೆ ಹಾಡಲಿ; ಔಷಧಿಯ ವಿಷಯ ಎತ್ತಿದರೆ ಮಾತ್ರ ‘ಅದು ನಾವೂ ವೈದ್ಯರೂ ನೋಡಿಕೊಳ್ಳುವ ವಿಷಯ’ ಎಂದು ನೇರವಾಗಿ ಹೇಳಿ. ನಿಮಗೆ ಹೇಳಲು ಸಂಕೋಚವಾದರೆ ನಿಮ್ಮ ಸಭಾಪಾಲಕರಿಂದ ಹೇಳಿಸಿ.

ಪರಲೋಕವನ್ನು ನಂಬುವುದಕ್ಕೂ ಆಸ್ಪತ್ರೆಗೂ ವಿರೋಧವಿದೆ ಎಂಬ ಭಾವನೆ ನಮ್ಮ ಈ ಕರಾವಳಿಯಲ್ಲಿ ಬೆಳೆಯಲೇಬಾರದಿತ್ತು. ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿ, ಮುಂದೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ ಫಾದರ್ ಆಗಸ್ಟಸ್ ಮುಲ್ಲರ್ ಜೆಸ್ವಿಟ್ ಪಾದ್ರಿ. ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆ ತೆರೆದ ಡಾ. ಈವಾ ಲೊಂಬಾರ್ಡ್ ಬಾಸೆಲ್ ಮಿಶನ್ನಿನ ಕೆಲಸಕ್ಕೆಂದು ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯೆ. ಇಬ್ಬರಿಗೂ ಪರಲೋಕದ ನಿರೀಕ್ಷೆ ಇತ್ತು. ಆ ನಿರೀಕ್ಷೆ ಅವರನ್ನು ರೋಗಿಯ ಹುಣ್ಣು ತೊಳೆಯುವ ಕೆಲಸಕ್ಕೆ ಹಚ್ಚಿತು.

ಮನೆಯಲ್ಲಿ ಅರಿಕೆಯಾಗದ ಪಾಪವಿದೆ ಎಂಬ ಮಾತಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ‘ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ’ ಎಂದು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸಿದನು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ತಿಳಿಯಬೇಡಿರಿ ಎಂದನು. ಹಲವು ವರ್ಷಗಳ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ ಕಿಡ್ನಿ ಕೆಡುವುದನ್ನು ಯಾವ ವೈದ್ಯರೂ ನಿಮಗೆ ವಿವರಿಸಬಲ್ಲರು. ಅಲ್ಲಿ ಪಾಪದ ಲೆಕ್ಕ ಹುಡುಕಬೇಡಿ.

ಇನ್ನು ಕಣ್ಣೀರಿನ ವಿಷಯ. ‘ನಿರೀಕ್ಷೆ ಇರುವವರು ಅಳಬಾರದು’ ಎಂಬ ಮಾತಿಗೆ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ತೋರಿಸುವುದು ವಾಡಿಕೆ. ಆದರೆ ಅಲ್ಲಿ ಅದನ್ನು ಬರೆದ ಅಪೊಸ್ತಲ ಪೌಲನು ದುಃಖಿಸಬೇಡಿರಿ ಎಂದು ಹೇಳಿ ನಿಲ್ಲಿಸಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎಂದಿದ್ದಾನೆ. ಆ ಒಂದು ಪದವನ್ನು ನುಂಗಿಬಿಟ್ಟರೆ ವಾಕ್ಯ ತಲೆಕೆಳಗಾಗುತ್ತದೆ. ಸತ್ತ ಗೆಳೆಯ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸಲಿದ್ದೇನೆ ಎಂದು ಬಲ್ಲ ಯೇಸು ಅವನ ಸಮಾಧಿಯ ಹಾದಿಯಲ್ಲಿ ಕಣ್ಣೀರು ಬಿಟ್ಟನು. ಮುಂದೇನು ಎಂಬುದು ಅವನಷ್ಟು ಖಚಿತವಾಗಿ ಗೊತ್ತಿದ್ದವರು ಬೇರೆ ಯಾರೂ ಅಲ್ಲಿರಲಿಲ್ಲ, ಆದರೂ ಅತ್ತನು. 88ನೆಯ ಕೀರ್ತನೆಯನ್ನು ಒಮ್ಮೆ ಓದಿ ನೋಡಿ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ.

ಹಾಗಾದರೆ ನಿರೀಕ್ಷೆ ಎಂದರೇನು? ನಮ್ಮ ಕನ್ನಡ ಸತ್ಯವೇದದ ಈ ಪದವನ್ನು ನಾನು ಬಹಳ ಪ್ರೀತಿಸುತ್ತೇನೆ. ಅದರೊಳಗೆ ‘ಈಕ್ಷಿಸು’, ಎಂದರೆ ನೋಡು ಎಂಬ ಅರ್ಥವಿದೆ. ಸಂಜೆ ಬಸ್ಸಿನಲ್ಲಿ ಬರಬೇಕಾದವರಿಗಾಗಿ ಜಗಲಿಯಲ್ಲಿ ನಿಂತು ದಾರಿ ನೋಡುವ ಕಣ್ಣು ಅದು. ದಾರಿ ನೋಡುವವನು ಇನ್ನೂ ಮನೆಯಲ್ಲೇ ಇರುತ್ತಾನೆ, ಅಡುಗೆ ಮಾಡುತ್ತಾನೆ, ದೀಪ ಹಚ್ಚುತ್ತಾನೆ. ಬರುವವರು ಇನ್ನೂ ಬಂದಿಲ್ಲ ಎಂಬ ಸಂಕಟವೂ ಆ ನೋಟದಲ್ಲಿ ಸೇರಿರುತ್ತದೆ. ನಿರೀಕ್ಷೆ ನೋವನ್ನು ಅಳಿಸಬೇಕೆಂದು ನೀವು ಬಯಸಿದ್ದರೆ, ಆ ಪದವೇ ಕೊಡದ ಮಾತನ್ನು ಅದರಿಂದ ಕೇಳಿದಂತೆ.

‘ಸ್ವರ್ಗ’ ಎಂಬ ಪದ ನಮ್ಮಲ್ಲಿ ಇನ್ನೊಂದು ಬಗೆಯ ಗೊಂದಲ ತಂದಿದೆ. ನಮ್ಮ ನಾಡಿನ ಮಾತಿನಲ್ಲಿ ಅದು ಪುಣ್ಯ ಮಾಡಿದವರು ಸುಖ ಅನುಭವಿಸುವ ಲೋಕ. ಅದಕ್ಕೇ ಇರಬೇಕು, ಇಷ್ಟು ಕಷ್ಟಪಟ್ಟವರಿಗೆ ಸ್ವರ್ಗ ಸಿಗದೆ ಇರುತ್ತದೆಯೇ ಎಂದು ನಮ್ಮವರೂ ಸಾವಿನ ಮನೆಯಲ್ಲಿ ಹೇಳುತ್ತಾರೆ, ಕಷ್ಟವೆಂಬುದು ಅಲ್ಲಿನ ಪ್ರವೇಶಧನವೋ ಎಂಬಂತೆ. ಕ್ರೈಸ್ತ ಬೋಧನೆಯಲ್ಲಿ ಪರಲೋಕವು ಕೃಪೆಯ ದಾನ. ನಿಮ್ಮ ಪತಿ ಇನ್ನೂ ನಾಲ್ಕು ವರ್ಷ ಸೂಜಿ ಚುಚ್ಚಿಸಿಕೊಂಡರೆ ಅದು ಹೆಚ್ಚುವುದಿಲ್ಲ, ನಾಳೆ ಸಾಕೆಂದರೆ ಕಡಿಮೆಯಾಗುವುದೂ ಇಲ್ಲ. ಶಿಲುಬೆಯ ಮೇಲೆ ಪಕ್ಕದಲ್ಲಿದ್ದ ಕಳ್ಳನಿಗೆ ಒಂದು ಗಳಿಗೆಯಲ್ಲಿ ಪರದೈಸು ಸಿಕ್ಕಿತು.

ಅದಕ್ಕಿಂತ ದೊಡ್ಡ ವಿಷಯವೊಂದಿದೆ. ಮಂಗಳೂರಿನ ಮಕ್ಕಳಾದ ನಮಗೆ ಪರಲೋಕವೆಂದರೆ ಮೋಡ ಮತ್ತು ದೇವದೂತರು. ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡಿ ಬೆಳೆದವರು ನಾವು, ಅವು ಚೆಲುವಾದ ಚಿತ್ರಗಳೇ. ಆದರೆ ಪ್ರತಿ ಭಾನುವಾರ ನಾವು ಅರಿಕೆ ಮಾಡುವ ವಿಶ್ವಾಸಪ್ರಮಾಣದಲ್ಲಿ ಆತ್ಮ ಮೇಲಕ್ಕೆ ಹಾರಿಹೋಗುತ್ತದೆ ಎಂಬ ಮಾತೇ ಇಲ್ಲ. ಅಲ್ಲಿರುವುದು ಶರೀರದ ಪುನರುತ್ಥಾನ ಮತ್ತು ನಿತ್ಯಜೀವ. ದೇಹವು ಪಂಜರ, ಆತ್ಮವು ಹಕ್ಕಿ, ಪಂಜರ ಮುರಿದರೆ ಬಿಡುಗಡೆ ಎಂಬ ವಿಚಾರ ಬೇರೆ ಕಡೆಯಿಂದ ಬಂದು ನಮ್ಮ ಶವಸಂಸ್ಕಾರದ ಪ್ರಸಂಗಗಳಲ್ಲಿ ಸೇರಿಕೊಂಡಿದೆ. ಪೌಲನು ಕೊರಿಂಥದವರಿಗೆ ಹೇಳಿದ್ದು ಬೀಜದ ಹೋಲಿಕೆ: ಬಿತ್ತಿದ್ದು ಬರಿಯ ಕಾಳು, ಎದ್ದು ಬರುವುದು ದೇವರು ಕೊಟ್ಟ ಹೊಸ ಒಡಲು, ಆದರೂ ಅದು ಇದೇ ಕಾಳಿನದು. ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ನಮ್ಮ ಕಥೋಲಿಕ ನೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ನಿಮ್ಮ ಮನೆಯ ಮಟ್ಟಿಗೆ ಬಹಳ ಮುಖ್ಯ. ದೇಹವು ಪಂಜರವಾದರೆ ಡಯಾಲಿಸಿಸಿಗೆಂದು ರಕ್ತನಾಳ ಜೋಡಿಸಿದ ಫಿಸ್ಟುಲಾ ಉಬ್ಬಿದ ಆ ತೋಳು, ನೀರು ತುಂಬಿದ ಆ ಪಾದಗಳು ಬಿಸಾಡುವ ವಸ್ತುಗಳು. ದೇಹವು ಬೀಜವಾದರೆ ಅವನ್ನು ಕೊನೆಯ ದಿನದವರೆಗೂ ಗೌರವದಿಂದ ನೋಡಿಕೊಳ್ಳಬೇಕು. ಹಾಗೆಯೇ, ಬೀಜವನ್ನು ಎಂದೆಂದಿಗೂ ಮುಷ್ಟಿಯಲ್ಲೇ ಬಿಗಿಹಿಡಿದುಕೊಂಡಿರಬೇಕಾಗಿಯೂ ಇಲ್ಲ. ನನ್ನ ತಿಳುವಳಿಕೆಯಲ್ಲಿ ಪರಲೋಕದ ನಿರೀಕ್ಷೆ ನಿಮಗೆ ಕೊಡುವ ಸ್ವಾತಂತ್ರ್ಯ ಇದು: ಸಾವಿಗೆ ಹೆದರಿ ಚಿಕಿತ್ಸೆಗೆ ಅಂಟಿಕೊಳ್ಳಬೇಕಾಗಿಲ್ಲ, ಬದುಕಿಗೆ ಬೇಸತ್ತು ಓಡಬೇಕಾಗಿಯೂ ಇಲ್ಲ.

ಅದು ನಿಜವೇ ಎಂದು ಕೇಳಿದ್ದೀರಿ. ರಕ್ತ ಪರೀಕ್ಷೆಯ ವರದಿಯಂತೆ ಅದನ್ನು ನಿಮ್ಮ ಕೈಗೆ ಕೊಡಲು ನನ್ನಿಂದಾಗದು. ನಮ್ಮ ನಿರೀಕ್ಷೆ ನಮ್ಮ ಭಾವನೆಯ ಮೇಲಲ್ಲ, ಕ್ರಿಸ್ತನು ಎದ್ದಿದ್ದಾನೆ ಎಂಬ ಸಾಕ್ಷಿಯ ಮೇಲೆ ನಿಂತಿದೆ. ಅವನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ, ನಾವು ಎಲ್ಲರಿಗಿಂತ ನಿರ್ಭಾಗ್ಯರು ಎಂದು ಪೌಲನೇ ಬರೆದಿದ್ದಾನೆ. ಮನಸ್ಸಿನ ಸಮಾಧಾನಕ್ಕಾಗಿ ಕಟ್ಟಿದ ಮಾತಾಗಿದ್ದರೆ ಅವನು ಅಂಥ ಅಪಾಯಕ್ಕೆ ಕೈಹಾಕುತ್ತಿರಲಿಲ್ಲ. ನಾನು ಅದನ್ನು ನಂಬುತ್ತೇನೆ. ನಂಬಿದವರಿಗೆ ನೋವು ಕಡಿಮೆ ಇದ್ದುದನ್ನು ನಾನು ಆಸ್ಪತ್ರೆಯಲ್ಲಿ ಕಂಡಿಲ್ಲ. ಆದರೆ ತಮ್ಮ ಸಾವಿನ ವಿಷಯವನ್ನು ಹೆಂಡತಿ ಮಕ್ಕಳ ಮುಂದೆ ಬಾಯಿಬಿಟ್ಟು ಮಾತಾಡುವ ಧೈರ್ಯ ಅವರಲ್ಲಿ ಅನೇಕರಿಗೆ ಇದ್ದುದನ್ನು ಕಂಡಿದ್ದೇನೆ. ನಿಮ್ಮ ಪತಿಗೆ ಆ ಧೈರ್ಯ ಬಂದಿದೆ. ಅವರ ಮಾತನ್ನು ಯಾರಾದರೂ ಕೂತು ಕೇಳಬೇಕು.

ಏಕೆಂದರೆ ‘ಅಪ್ಪನ ಮನೆಗೆ ಹೋಗುತ್ತೇನೆ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಹಲವು ವರ್ಷಗಳ ಹಿಂದೆ ಮಲ್ಪೆಯ ಕಡೆಯ ಒಬ್ಬ ಹಿರಿಯರು ಇದೇ ಅರ್ಥದ ಮಾತನ್ನು ನನ್ನಲ್ಲಿ ಹೇಳಿದರು. ಎರಡು ಮೂರು ಸಲ ಕೂತು ಕೇಳಿದ ಮೇಲೆ ಹೊರಬಂದದ್ದು ಬೇರೆ: ಅವರ ಡಯಾಲಿಸಿಸ್ ಸರದಿ ನಸುಕಿನ ಪಾಳಿಯಲ್ಲಿತ್ತು, ಮಳೆಗಾಲದಲ್ಲಿ ಕತ್ತಲೆಯಲ್ಲೇ ಹೊರಡಬೇಕಿತ್ತು, ಕಾಲಿನ ಸೆಳೆತ ತಡೆಯಲಾಗುತ್ತಿರಲಿಲ್ಲ, ಮಗಳ ಮದುವೆಗಿಟ್ಟ ಹಣ ಕರಗುತ್ತಿದೆ ಎಂಬ ಕೊರಗಿತ್ತು. ಪಾಳಿ ಬದಲಾಯಿತು, ದೇಹದಿಂದ ನೀರು ತೆಗೆಯುವ ವೇಗವನ್ನು ವೈದ್ಯರು ತಗ್ಗಿಸಿದರು, ಮಗಳೇ ಬಂದು ಹಣದ ಮಾತು ಆಡಿದಳು. ಆಮೇಲೆ ಒಂದೂವರೆ ವರ್ಷ ಅವರು ಸಾಕೆನ್ನಲಿಲ್ಲ. ಇನ್ನೊಬ್ಬರು, ಮಂಗಳೂರಿನ ನಿವೃತ್ತ ಶಿಕ್ಷಕಿ, ಎಲ್ಲವನ್ನೂ ಯೋಚಿಸಿ, ಎಲ್ಲರನ್ನೂ ಕರೆದು ಮಾತಾಡಿ, ನಿಜವಾಗಿ ನಿಲ್ಲಿಸಿದರು. ಒಂಬತ್ತನೆಯ ದಿನ ತೀರಿಕೊಂಡರು. ಇಬ್ಬರೂ ವಿಶ್ವಾಸಿಗಳೇ.

ಡಯಾಲಿಸಿಸಿನಲ್ಲಿರುವವರಿಗೆ ಖಿನ್ನತೆ ಬರುವುದು ಸಾಮಾನ್ಯ. ಅದು ಭಕ್ತಿಯ ಮಾತಿನಲ್ಲೇ ಹೊರಬರಬಹುದು. ಮೊದಲು ಪ್ರೀತಿಯಿದ್ದ ಎಲ್ಲದರಲ್ಲೂ ಆಸಕ್ತಿ ಹೋಗಿದೆಯೇ, ನಿದ್ದೆ ಕೆಟ್ಟಿದೆಯೇ, ‘ನಾನು ನಿಮಗೆ ಹೊರೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆಯೇ ಎಂದು ಗಮನಿಸಿ. ಪೌಲನು ಫಿಲಿಪ್ಪಿಯವರಿಗೆ ಬರೆಯುವಾಗ, ಇಲ್ಲಿಂದ ಹೊರಟು ಕ್ರಿಸ್ತನ ಜೊತೆಯಲ್ಲಿರುವುದೇ ನನಗೆ ಇಷ್ಟ, ಆದರೆ ನಿಮಗೋಸ್ಕರ ಉಳಿಯುವುದು ಹೆಚ್ಚು ಅವಶ್ಯ ಎಂದು ಎರಡನ್ನೂ ಒಟ್ಟಿಗೆ ಹಿಡಿದು ಹೇಳುತ್ತಾನೆ. ಅವನ ಆಸೆಯಲ್ಲಿ ಇತರರ ಮುಖ ಕಾಣುತ್ತದೆ. ಖಿನ್ನತೆಯಲ್ಲಿ ಆ ಮುಖಗಳು ಮಾಸಿಹೋಗುತ್ತವೆ. ಇದು ಪಕ್ಕಾ ಅಳತೆಗೋಲಲ್ಲ, ಆದರೆ ನನಗೆ ಅನೇಕ ಸಲ ದಾರಿ ತೋರಿಸಿದೆ.

ನಿಮ್ಮ ಮುಂದೆ ಈಗ ಕೆಲವು ದಾರಿಗಳಿವೆ. ಚಿಕಿತ್ಸೆ ಮುಂದುವರಿಸುತ್ತಲೇ, ಸರಿಪಡಿಸಬಹುದಾದದ್ದನ್ನು ಸರಿಪಡಿಸುವುದು ಮೊದಲನೆಯದು: ರಕ್ತಹೀನತೆ, ತುರಿಕೆ, ಸ್ನಾಯುಸೆಳೆತ, ನಿದ್ದೆ, ಖಿನ್ನತೆ, ಪಾಳಿಯ ಸಮಯ. ಇದರಲ್ಲಿರುವ ಅಪಾಯವೆಂದರೆ, ಸ್ವಲ್ಪ ಚೇತರಿಸಿದ ಕೂಡಲೇ ಎಲ್ಲರೂ ನಿಟ್ಟುಸಿರುಬಿಟ್ಟು, ಅವರು ಎತ್ತಿದ ಮಾತನ್ನು ಮತ್ತೆ ಎತ್ತದೆ ಇರುವುದು. ಆದ್ದರಿಂದ ಮೂರು ತಿಂಗಳು ಹೀಗೆ ಮಾಡೋಣ, ಆಮೇಲೆ ನೀವು ಹೇಳಿದ್ದನ್ನು ಮತ್ತೆ ಕೇಳುತ್ತೇವೆ ಎಂದು ಅವರಿಗೆ ಮಾತು ಕೊಡುವುದು ನನಗೆ ಎಲ್ಲಕ್ಕಿಂತ ಸರಿ ಎನಿಸುತ್ತದೆ. ಕೊಟ್ಟ ಮಾತನ್ನು ಆ ದಿನ ಬಂದಾಗ ನಡೆಸಬೇಕು, ಇಲ್ಲದಿದ್ದರೆ ಅವರು ನಿಮ್ಮಲ್ಲಿ ಮನಸ್ಸು ಬಿಚ್ಚುವುದನ್ನೇ ಬಿಟ್ಟುಬಿಡುತ್ತಾರೆ.

ಮೂರು ತಿಂಗಳ ಬಳಿಕವೂ ಸ್ಥಿರಬುದ್ಧಿಯಿಂದ ಅವರು ಸಾಕು ಎಂದರೆ, ಉಪಶಮನ ಚಿಕಿತ್ಸೆಯ, ಎಂದರೆ ನೋವು ಸಂಕಟಗಳನ್ನು ತಗ್ಗಿಸುವ ಚಿಕಿತ್ಸೆಯ, ಆಸರೆಯಲ್ಲಿ ಡಯಾಲಿಸಿಸ್ ನಿಲ್ಲಿಸುವ ದಾರಿ ಇದೆ. ಇದನ್ನು ನಿಮ್ಮ ಮಗನಿಗೆ ತಿಳಿಸಿ. ಗುಣವಾಗುವ ಭರವಸೆಯಿಲ್ಲದೆ, ರೋಗಿಗೆ ಹೊರಲಾರದ ಹೊರೆಯಾದ ಚಿಕಿತ್ಸೆಯನ್ನು ಬಿಡುವುದಕ್ಕೂ ಪ್ರಾಣ ತೆಗೆದುಕೊಳ್ಳುವುದಕ್ಕೂ ಕ್ರೈಸ್ತ ಬೋಧನೆ ಹಿಂದಿನಿಂದಲೂ ವ್ಯತ್ಯಾಸ ಮಾಡಿದೆ. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆ ಇದನ್ನು ಸ್ಪಷ್ಟವಾಗಿ ಹೇಳಿತು. ನಮ್ಮ ಪ್ರೊಟೆಸ್ಟಂಟ್ ಸಭೆಗಳ ಅನೇಕ ಬೋಧಕರ ನಿಲುವೂ ಹೆಚ್ಚುಕಡಿಮೆ ಇದೇ. ಇಲ್ಲಿ ಸಾವನ್ನು ತರುವುದು ರೋಗ. ಗೌರವದಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, ಮುಂಗಡ ಇಚ್ಛಾಪತ್ರದ ನಿಯಮಗಳನ್ನು 2023ರಲ್ಲಿ ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿಕೊಂಡರೆ ಸಾಕು. ಪ್ರಜ್ಞೆ ಮಂಕಾಗುವ ಮೊದಲೇ ತಮ್ಮ ಇಚ್ಛೆಯನ್ನು ಬರೆದಿಡುವಂತೆ ಅವರಿಗೆ ಹೇಳಬಹುದು.

ಆದರೆ ಈ ದಾರಿಯ ಅಪಾಯಗಳನ್ನು ಮುಚ್ಚಿಡಲಾರೆ. ಖಿನ್ನತೆಯಲ್ಲೋ ಹಣದ ಸಂಕೋಚದಲ್ಲೋ ತೆಗೆದುಕೊಂಡ ನಿರ್ಧಾರವಾದರೆ ಕೆಲವು ದಿನಗಳಲ್ಲಿ ಅದು ತಿದ್ದಲಾಗದ್ದಾಗುತ್ತದೆ. ಮೊದಲೇ ಏರ್ಪಾಡು ಮಾಡದಿದ್ದರೆ ಉಸಿರಾಟದ ಕಷ್ಟ ಕಂಡು ಮನೆಯವರು ಗಾಬರಿಯಾಗಿ ನಡುರಾತ್ರಿ ತುರ್ತುವಿಭಾಗಕ್ಕೆ ಓಡುತ್ತಾರೆ, ಅಲ್ಲಿ ಯಾರಿಗೂ ಅವರ ಇಚ್ಛೆ ಗೊತ್ತಿರುವುದಿಲ್ಲ. ದೂರದಲ್ಲಿರುವ ಮಗ ಮಾತುಕತೆಯಲ್ಲಿ ಇರದಿದ್ದರೆ ಆ ದುಃಖವನ್ನು ಕಡೆಯವರೆಗೂ ಅಮ್ಮನ ಮೇಲೆ ಹೊರಿಸುತ್ತಾನೆ. ಆದ್ದರಿಂದ ಅವನು ರಜೆಯಲ್ಲಿ ಬಂದಾಗ ನೆಫ್ರಾಲಜಿ (ಕಿಡ್ನಿ) ವೈದ್ಯರು, ಉಪಶಮನ ಚಿಕಿತ್ಸೆಯ ವೈದ್ಯರು, ನೀವು ಮೂವರು ಒಂದೇ ಕೋಣೆಯಲ್ಲಿ ಕೂರಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಮನ ಚಿಕಿತ್ಸೆಗೆಂದೇ ವಿಭಾಗವಿದೆ, ನಿಮಗೆ ಹತ್ತಿರ. ನಿಲ್ಲಿಸುವ ಮಾತು ಬರುವ ಮೊದಲೇ ಅಲ್ಲಿ ಒಮ್ಮೆ ತೋರಿಸಿ. ಆ ವೈದ್ಯರು ಡಯಾಲಿಸಿಸ್ ನಡೆಯುತ್ತಿರುವಾಗಲೂ ನೋವು, ತುರಿಕೆ, ನಿದ್ದೆಯನ್ನು ನೋಡಿಕೊಳ್ಳುತ್ತಾರೆ.

ಇನ್ನು ನಿಮ್ಮ ಆ ರಾತ್ರಿಯ ಪ್ರಾರ್ಥನೆ. ಅದಕ್ಕೆ ನೀವು ಪಾಪವೆಂದು ಹೆಸರಿಟ್ಟುಕೊಂಡಿದ್ದೀರಿ. ಎಲೀಯ ಪ್ರವಾದಿ ಅರಣ್ಯದಲ್ಲಿ ಒಂದು ಗಿಡದ ಬುಡದಲ್ಲಿ ಕೂತು ‘ಕರ್ತನೇ, ಸಾಕು, ನನ್ನ ಪ್ರಾಣವನ್ನು ತೆಗೆ’ ಎಂದು ಬೇಡಿದನು. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅವನನ್ನು ಮಲಗಲು ಬಿಟ್ಟನು, ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು ಕಳುಹಿಸಿದನು. ಅವನು ಉಂಡು ಮತ್ತೆ ಮಲಗಿದನು, ದೂತನು ಎರಡನೆಯ ಸಲವೂ ಬಂದು ಉಣ್ಣು ಎಂದನು. ನಾಲ್ಕು ವರ್ಷ ವಾರಕ್ಕೆ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ನೀವು. ನಿಮ್ಮ ಪ್ರಾರ್ಥನೆ ದಣಿದ ಪ್ರೀತಿಯ ಕೂಗು. ನಿಮಗೀಗ ಬೇಕಾಗಿರುವುದು ನಿದ್ದೆ ಮತ್ತು ಇನ್ನೊಬ್ಬರ ಕೈ. ವಾರದಲ್ಲಿ ಒಂದು ದಿನದ ಡಯಾಲಿಸಿಸಿಗೆ ನಿಮ್ಮ ಬದಲು ಜೊತೆ ಹೋಗಲು ಸ್ತ್ರೀಸಂಘದಲ್ಲೋ ಯುವಕರ ಸಂಘದಲ್ಲೋ ಯಾರನ್ನಾದರೂ ಕೇಳಿ, ಕೇಳಲು ನಾಚಿಕೆಪಡಬೇಡಿ. ಎರಡು ವಾರಗಳಾದರೂ ನಿದ್ದೆ ಮರಳದಿದ್ದರೆ ನೀವೂ ವೈದ್ಯರನ್ನು ಕಾಣಬೇಕು. ಮನಸ್ಸು ತಡೆಯದ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ಕೊನೆಗೆ ನೀವು ಸಣ್ಣ ವಿಷಯ ಎಂದು ಬರೆದಿರುವ ಪ್ರಭುಭೋಜನ. ದೇವಾಲಯಕ್ಕೆ ಬರಲಾಗದವರಿಗೆ ಮನೆಗೇ ತಂದು ಕೊಡುವುದು ಸಭಾಪಾಲಕರ ಕರ್ತವ್ಯ. ಅವರಿಗೆ ತೊಂದರೆ ಎಂದು ಹಿಂಜರಿಯಬೇಡಿ. ಡಯಾಲಿಸಿಸ್ ಆದ ದಿನ ಸುಸ್ತು ಹೆಚ್ಚಿರುತ್ತದೆ, ಮರುದಿನ ಸಂಜೆ ಬರುವಂತೆ ಕೇಳಿ. ನೀರಿನ ಲೆಕ್ಕಕ್ಕೆ ಹೆದರಬೇಕಾಗಿಲ್ಲ, ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡಬಹುದು. ಬೊಂಡದ ಎಳನೀರನ್ನೂ ಗಂಜಿಯ ತಿಳಿಯನ್ನೂ ಬಿಟ್ಟು, ಲೋಟದಲ್ಲಿ ಅಳೆದ ನೀರಿನಲ್ಲಿ ನಾಲ್ಕು ವರ್ಷ ಕಳೆದವರು ಅವರು. ನನಗೆ ನೀರಡಿಕೆಯಾಗಿದೆ ಎಂದು ಶಿಲುಬೆಯ ಮೇಲಿನಿಂದ ಹೇಳಿದವನ ಮೇಜು ಅದು. ನೀವೂ ಅವರ ಪಕ್ಕದಲ್ಲಿ ಕೂತು ತೆಗೆದುಕೊಳ್ಳಿ, ಮಗನನ್ನು ಆ ಹೊತ್ತಿಗೆ ಫೋನಿನಲ್ಲಿ ಕರೆಯಿರಿ.